ಶಾರ್ಟ್ ಸರ್ಕಿಟ್ ಎಂದರೇನು?
ನೀರೆತ್ತುವ ಯಂತ್ರಗಳಲ್ಲಿ ವಿದ್ಯುದ್ದೋಷವನ್ನು ಗುರುತಿಸುವ ಕ್ರಮ

ವಿಜಯಪುರ ಜಿಲ್ಲೆಯು ಮಳೆಗೆ ಬಡವಾದ ಸೀಮೆಯೆಂಬದು ಎಲ್ಲರೂ ಬಲ್ಲ ಸಂಗತಿ. ವರ್ಷದಲ್ಲಿ ಬೀಳುವ ಮಳೆಯು 600 ಮಿಲಿಮೀಟರಿನ ಆಸುಪಾಸಿನಲ್ಲಿರುವದು. ಅದಾದರೂ ಹೊತ್ತಿಗೆ ಸರಿಯಾಗಿ ಬೀಳುವದೆಂಬ ಭರವಸೆಯಿಲ್ಲ. ಹಿಂದಿನ ಕಾಲದಲ್ಲಿ ಒಕ್ಕಲಿಗನು ಎತ್ತುಗಳನ್ನು ಹೂಡಿ ತೊಗಲಿನ ಚೀಲದಿಂದ ಭಾವಿಯ ನೀರನ್ನು ಎತ್ತುತ್ತಿದ್ದನು. ಈಗ ಆ ಕೆಲಸವೆಲ್ಲ ವಿದ್ಯುಚ್ಛಕ್ತಿಯ ಪಾಲಿಗೆ ಬಂದಿದೆ. ತಿಕೋಟಾ ಭಾಗದ ದ್ರಾಕ್ಷಿಯ ತೋಟಗಳು ಆಳವಾದ ಕೊಳವೆ ಭಾವಿಗಳನ್ನು ನಂಬಿಕೊಂಡಿವೆ. ಬಬಲೇಶ್ವರದ ಕಡೆಗೆ ಕೃಷ್ಣೆಯ ನೀರನ್ನು ತರುವ ತುಬಚಿ–ಬಬಲೇಶ್ವರ ಏತ ನೀರಾವರಿಯೂ ಪಂಪುಗಳ ಬಲದಿಂದಲೇ ನಡೆಯತಕ್ಕದ್ದು. ಆದುದರಿಂದ ತಂತಿಯಲ್ಲಿ ಕೆಡಕು ಹುಟ್ಟಿದರೆ ಬೆಳೆಗೆ ನೀರು ತಪ್ಪಿತೆಂದೇ ತಿಳಿಯಬೇಕು. ಅಕ್ಟೋಬರದ ಚಾಟ್ನಿಯ ನಂತರ ಕಾಯಿ ಕಟ್ಟುವ ಕಾಲದಲ್ಲಿ ನಾಲ್ಕು ದಿವಸ ಪಂಪು ನಿಂತರೆ, ವರ್ಷದ ದುಡಿಮೆಗೆ ಧಕ್ಕೆ ತಗಲುವದು.

ಪಂಪು ನಿಂತಾಗ ಹಳ್ಳಿಯಲ್ಲಿ ಕೇಳಬರುವ ಮಾತು ಒಂದೇ: "ಶಾರ್ಟ್ ಆಗ್ಯಾದ್ರಿ." ಫ್ಯೂಜು ಹೋದರೂ ಶಾರ್ಟ್, ಮೋಟಾರು ಸುಟ್ಟರೂ ಶಾರ್ಟ್, ಬಣವಿಗೆ ಕಿಡಿ ಬಿದ್ದರೂ ಶಾರ್ಟ್. ಜ್ವರವೆಂಬ ಒಂದೇ ಹೆಸರಿನಿಂದ ಎಲ್ಲ ಬೇನೆಗಳನ್ನು ಕರೆದರೆ ಮದ್ದು ಹೇಗೆ ತಪ್ಪುವದೋ, ಹಾಗೆಯೇ ಎಲ್ಲ ವಿದ್ಯುದ್ದೋಷಗಳಿಗೆ ಈ ಒಂದೇ ಹೆಸರನ್ನು ಕೊಡುವದರಿಂದ ಉಪಾಯವು ತಪ್ಪುವದು. ಉಪಾಯ ತಪ್ಪಿದಲ್ಲಿ ಹಣವು ವ್ಯರ್ಥವಾಗುವದು. ಎಷ್ಟೋ ಸಲ ಪ್ರಾಣಕ್ಕೂ ಅಪಾಯವುಂಟಾಗುವದು. ಈ ಕಾರಣ ಗ್ರಾಮದ ಹಿರಿಯರೂ ಜಮೀನುದಾರರೂ ಈ ಶಬ್ದದ ನಿಜವಾದ ಅರ್ಥವನ್ನು ತಿಳಿದುಕೊಂಡಿರುವದು ಅವಶ್ಯ. ದುರಸ್ತಿಯನ್ನು ಸ್ವತಃ ಮಾಡುವ ಸಲುವಾಗಿ ಇದನ್ನು ತಿಳಿಯಬೇಕೆಂದಲ್ಲ. ದುರಸ್ತಿಗೆ ಬಂದವನಿಗೆ ಸರಿಯಾದ ಸಂಗತಿಯನ್ನು ಹೇಳುವದಕ್ಕೂ, ಆಳುಮಕ್ಕಳು ದುಡುಕದಂತೆ ತಡೆಯುವದಕ್ಕೂ ಇದು ಬೇಕು.

ಶಬ್ದದ ಅರ್ಥ

ವಿದ್ಯುತ್ತಿನ ಪ್ರವಾಹವು ಒಂದು ತಂತಿಯಿಂದ ಬಂದು, ದೀಪ ಇಲ್ಲವೆ ಮೋಟಾರಿನೊಳಗಿಂದ ಹಾಯ್ದು, ಮತ್ತೊಂದು ತಂತಿಯಿಂದ ಹಿಂದಿರುಗುವದು. ಈ ಸುತ್ತಿಗೆ ಮಂಡಲವೆಂದು ಹೆಸರು. ದೀಪವೂ ಮೋಟಾರೂ ಪ್ರವಾಹಕ್ಕೆ ತಡೆಯನ್ನು ಒಡ್ಡುವವು. ಆ ತಡೆಯ ದೆಸೆಯಿಂದಲೇ ಪ್ರವಾಹವು ಮಿತಿಯಲ್ಲಿರುವದು, ಕೆಲಸವೂ ಆಗುವದು. ಹೋಗುವ ತಂತಿಯೂ ಬರುವ ತಂತಿಯೂ ನಡುದಾರಿಯಲ್ಲಿಯೇ ಒಂದನ್ನೊಂದು ಮುಟ್ಟಿದರೆ, ಪ್ರವಾಹವು ದೀಪದ ತನಕ ಹೋಗದೆ ಆ ಅಡ್ಡದಾರಿಯಿಂದಲೇ ಹಿಂದಿರುಗುವದು. ಇದೇ ಶಾರ್ಟ್ ಸರ್ಕಿಟ್. ಪಾಠ್ಯಪುಸ್ತಕಗಳಲ್ಲಿ ಇದನ್ನು ಹ್ರಸ್ವಮಂಡಲವೆಂದು ಬರೆಯುವರು. ಹ್ರಸ್ವವೆಂದರೆ ತಂತಿಯ ಉದ್ದ ಕಡಿಮೆಯೆಂದು ತಿಳಿಯಬಾರದು. ಕೆಲಸ ಮಾಡತಕ್ಕ ಯಂತ್ರವನ್ನು ಬಿಟ್ಟು, ತಡೆಯಿಲ್ಲದ ದಾರಿಯನ್ನು ಪ್ರವಾಹವು ಹಿಡಿಯಿತೆಂಬದೇ ಅದರ ಅರ್ಥ.

ಕಾಲುವೆಯ ಒಡ್ಡು ನಡುವೆ ಒಡೆದರೆ ನೀರು ಮಡಿಗಳಿಗೆ ಹೋಗದೆ ಹಳ್ಳವನ್ನು ಸೇರುವದನ್ನು ಒಕ್ಕಲಿಗರು ಬಲ್ಲರು. ಮಡಿಗಳು ಒಣಗುವವು, ಒಡೆದ ಸ್ಥಳದಲ್ಲಿಯಾದರೋ ನೀರು ರಭಸದಿಂದ ನುಗ್ಗಿ ಮಣ್ಣನ್ನು ಕೊಚ್ಚಿಕೊಂಡು ಹೋಗುವದು. ಶಾರ್ಟ್ ಆದಲ್ಲಿ ನಡೆಯುವದೂ ಇದೇ. ಯಂತ್ರವು ನಿಲ್ಲುವದು, ತಂತಿಯು ಸುಡುವದು.

ಲೆಕ್ಕದಿಂದ ನೋಡಿದರೆ ಇದು ಇನ್ನೂ ಸ್ಪಷ್ಟವಾಗುವದು. ಒತ್ತಡವನ್ನು ತಡೆಯಿಂದ ಭಾಗಿಸಿದರೆ ಪ್ರವಾಹವು ದೊರೆಯುವದೆಂಬ ನಿಯಮವನ್ನು ಜರ್ಮನಿಯ ಜಾರ್ಜ್ ಓಮ್ ಎಂಬವರು 1827ನೆಯ ಇಸವಿಯಲ್ಲಿ ಪ್ರಕಟಿಸಿದರು. 230 ವೋಲ್ಟಿನ ತಂತಿಗೆ ತೋಟದ ಮನೆಯ 100 ವಾಟಿನ ದೀಪವೊಂದನ್ನು ಹಚ್ಚಿದರೆ, ಉರಿಯುವಾಗ ಅದರ ತಡೆಯು ಸುಮಾರು 530 ಓಮ್. ಹರಿಯುವ ಪ್ರವಾಹವು ಅರ್ಧ ಆಂಪಿಯರಿಗಿಂತಲೂ ಕಡಿಮೆ. ತಂತಿಗಳ ಒಟ್ಟು ತಡೆಯು 1 ಓಮ್ ಎಂದಿಟ್ಟುಕೊಂಡರೆ, ಅವು ಒಂದನ್ನೊಂದು ಮುಟ್ಟಿದ ಕ್ಷಣದಲ್ಲಿ ಪ್ರವಾಹವು 230 ಆಂಪಿಯರಿಗೆ ಏರುವದು. ತಂತಿಯಲ್ಲಿ ಹುಟ್ಟುವ ಕಾವಾದರೂ ಪ್ರವಾಹದ ವರ್ಗಕ್ಕೆ ಅನುಸಾರವಾಗಿ ಬೆಳೆಯುವದು. ಪ್ರವಾಹ ಹತ್ತು ಪಟ್ಟಾದರೆ ಕಾವು ನೂರು ಪಟ್ಟು. ಮೇಲಿನ ಉದಾಹರಣೆಯಲ್ಲಿ ತಂತಿಯ ಕಾವು ಒಂದು ವಾಟಿನ ಐದರಲ್ಲೊಂದು ಪಾಲಿನಷ್ಟು ಇದ್ದದ್ದು ಸುಮಾರು 53,000 ವಾಟಿಗೆ ಏರಿ, ಎರಡು ಲಕ್ಷ ಪಟ್ಟಿಗೂ ಮಿಕ್ಕುವದು. ಕಣ್ಣು ಮುಚ್ಚಿ ತೆರೆಯುವದರೊಳಗಾಗಿ ತಂತಿ ಕರಗಿ ಕಿಡಿ ಹಾರುವದರ ಕಾರಣವು ಇದೇ.

ಗಂಜುಗಳೂ ಫ್ಯೂಜೂ

ವಿಜಯಪುರ ನಗರವನ್ನು ಕಂಡವರು ಅಲ್ಲಲ್ಲಿ ನಿಂತಿರುವ ಗಂಜುಗಳೆಂಬ ಹಳೆಯ ನೀರಿನ ಗೋಪುರಗಳನ್ನು ನೋಡಿರಬಹುದು. ಆದಿಲಶಾಹಿಯ ಕಾಲದಲ್ಲಿ ತೊರವಿಯಿಂದಲೂ, 1651ನೆಯ ಇಸವಿಯಲ್ಲಿ ಮಹಮ್ಮದ ಆದಿಲಶಾಹನು ಕಟ್ಟಿಸಿದ ಬೇಗಂ ತಲಾಬಿನಿಂದಲೂ ನಗರಕ್ಕೆ ಮಣ್ಣಿನ ಕೊಳವೆಗಳಲ್ಲಿ ನೀರನ್ನು ತರುತ್ತಿದ್ದರು. ಒತ್ತಡವು ಮಿತಿಮೀರಿದರೆ ಕೊಳವೆಗಳು ಒಡೆಯುವವೆಂದು ತಿಳಿದು, ಅದನ್ನು ತಗ್ಗಿಸುವ ಸಲುವಾಗಿ ದಾರಿಯಲ್ಲಿ ಈ ಗೋಪುರಗಳನ್ನು ಎಬ್ಬಿಸಿದರು. ದಾರಿಯ ಬಲಹೀನ ಭಾಗವನ್ನು ಮೊದಲೇ ಅರಿತು ಅದನ್ನು ಕಾಯುವ ಏರ್ಪಾಡು ಮಾಡಬೇಕೆಂಬ ಜಾಣತನವು ಇಲ್ಲಿ ಕಾಣುವದು.

ವಿದ್ಯುತ್ತಿನ ದಾರಿಯಲ್ಲಿ ಇದೇ ಕಾವಲಿನ ಕೆಲಸವನ್ನು ಫ್ಯೂಜು ಮಾಡುವದು. ಗಂಜು ಒತ್ತಡವನ್ನು ತಗ್ಗಿಸಿ ನೀರನ್ನು ಮುಂದಕ್ಕೆ ಬಿಡುತ್ತಿತ್ತು. ಫ್ಯೂಜಾದರೋ ತಾನು ಕರಗಿ ದಾರಿಯನ್ನೇ ಕಡಿದುಬಿಡುವದು. ಬೇಕೆಂದೇ ಮಾಡಿಟ್ಟ ಬಲಹೀನ ಸ್ಥಳವದು. ಅದು ಸುಟ್ಟುಹೋಯಿತೆಂದು ಸಿಟ್ಟಿಗೇಳುವದು, ಬೊಗಳಿದ ನಾಯಿಯನ್ನು ಹೊಡೆದು ಕಳ್ಳನನ್ನು ಬಿಟ್ಟಂತೆ.

ಕರಗಿದ ಫ್ಯೂಜಿನ ಸ್ಥಳದಲ್ಲಿ ಅಲ್ಯುಮಿನಿಯಂ ತಂತಿಯ ಎಳೆಗಳನ್ನು ಹೊಸೆದು ಕಟ್ಟುವ ರೂಢಿಯು ಅನೇಕ ಕಡೆಗಳಲ್ಲಿದೆ. ತಂತಿಯ ದಪ್ಪವನ್ನು ಇಮ್ಮಡಿ ಮಾಡಿದರೆ ಅದು ಕರಗಲು ಬೇಕಾಗುವ ಪ್ರವಾಹವು ಹತ್ತಿರ ಹತ್ತಿರ ಮೂರು ಪಟ್ಟಾಗುವದು. 5 ಅಶ್ವಶಕ್ತಿಯ ಮೋಟಾರು ಸರಿಯಾಗಿ ಓಡುವಾಗ ಎಳೆಯುವದು ಸುಮಾರು 8ರಿಂದ 11 ಆಂಪಿಯರು. ಅದಕ್ಕೆ 60 ಆಂಪಿಯರು ತಡೆದುಕೊಳ್ಳುವ ದಪ್ಪ ತಂತಿಯನ್ನು ಕಟ್ಟಿದ ಮೇಲೆ ಅಲ್ಲಿ ಫ್ಯೂಜೇ ಇಲ್ಲದಂತಾಯಿತು. ಮುಂದಿನ ಬಲಹೀನ ಸ್ಥಳ ಯಾವದೋ ಅದು ಸುಡುವದು: ಕೇಬಲು, ಇಲ್ಲವೆ ಮೋಟಾರಿನ ವೈಂಡಿಂಗು, ಇಲ್ಲವೆ ನೆರೆಹೊರೆಯವರೆಲ್ಲರಿಗೂ ವಿದ್ಯುತ್ತು ಕೊಡುವ ಟಿ.ಸಿ.ಯ ಫ್ಯೂಜು.

ಶಾರ್ಟ್ ಅಲ್ಲದ ದೋಷಗಳು

ಶಾರ್ಟ್ ಎಂದು ಕರೆಯಲ್ಪಡುವ ದೋಷಗಳಲ್ಲಿ ಬಹಳಷ್ಟು ಬೇರೆಯೇ ಆಗಿರುವವು. ಅವುಗಳ ಗುರುತನ್ನು ಕೆಳಗೆ ವಿವರಿಸಲಾಗಿದೆ.

ಮೊದಲನೆಯದು, ಕಡಿದ ತಂತಿ. ಇಲ್ಲಿ ಪ್ರವಾಹಕ್ಕೆ ದಾರಿಯೇ ಇರುವದಿಲ್ಲ. ಫ್ಯೂಜು ಗಟ್ಟಿಯಾಗಿಯೇ ಇದ್ದು ಯಂತ್ರ ಮಾತ್ರ ತಣ್ಣಗಿರುವದು. ಇದು ಶಾರ್ಟಿಗೆ ತೀರ ವಿರುದ್ಧವಾದ ದೋಷ.

ಎರಡನೆಯದು, ಅತಿಭಾರ. ಪಂಪಿನೊಳಗೆ ಉಸುಕು ಸೇರಿ ಬಿಗಿಯಾದಾಗ, ಇಲ್ಲವೆ ಒತ್ತಡವು ತೀರ ತಗ್ಗಿದಾಗ ಮೋಟಾರು ತನ್ನ ಅಳತೆಗಿಂತ ಹೆಚ್ಚು ಪ್ರವಾಹವನ್ನು ಎಳೆಯುವದು. ಆ ಹೆಚ್ಚಳವು ಒಂದೂವರೆ ಪಟ್ಟೋ ಎರಡು ಪಟ್ಟೋ ಇರುವದೇ ಹೊರತು ಶಾರ್ಟಿನಂತೆ ನೂರಾರು ಪಟ್ಟು ಅಲ್ಲ. ಫ್ಯೂಜು ಕೂಡಲೆ ಹೋಗದೆ ಹತ್ತು ನಿಮಿಷಕ್ಕೋ ಅರ್ಧ ಗಂಟೆಗೋ ಹೋಗುವದು.

ಮೂರನೆಯದು, ಒಂದು ಫೇಜು ತಪ್ಪುವದು. ಮೂರು ಫೇಜುಗಳಲ್ಲಿ ಒಂದು ಬಾರದಿದ್ದರೆ ನಿಂತ ಮೋಟಾರು ತಿರುಗದೆ ಗುಂಯ್‌ಗುಡುತ್ತ ಕಾಯುವದು. ಓಡುತ್ತಿದ್ದ ಮೋಟಾರು ಉಳಿದೆರಡು ಫೇಜುಗಳಿಂದ ಹೆಚ್ಚು ಪ್ರವಾಹವನ್ನು ಎಳೆದು ಸುಡುವದು. ಕೊನೆಗೆ ಸುಟ್ಟ ವೈಂಡಿಂಗನ್ನು ನೋಡಿ "ಶಾರ್ಟ್ ಆಯಿತು" ಎನ್ನುವರು. ಶಾರ್ಟಾದದ್ದು ಸುಟ್ಟ ಮೇಲೆ. ಸುಟ್ಟದ್ದಾದರೋ ಒಂದು ಫೇಜು ತಪ್ಪಿದ ಕಾರಣದಿಂದ. ಕಾರಣವನ್ನು ತಿದ್ದದೆ ವೈಂಡಿಂಗ್ ಮಾಡಿಸಿ ತಂದರೆ ಆ ಮೋಟಾರೂ ಮರಳಿ ಸುಡುವದು. ಫೇಜು ತಪ್ಪಿದೊಡನೆ ಮೋಟಾರನ್ನು ನಿಲ್ಲಿಸುವ ಉಪಕರಣವನ್ನು ಸ್ಟಾರ್ಟರಿಗೆ ಕೂಡಿಸುವದೇ ಇದಕ್ಕೆ ಉಪಾಯ.

ನಾಲ್ಕನೆಯದು, ಸಡಿಲಾದ ಕೂಡಿಕೆ. ತಿರುಪು ಸಡಿಲಾದ ಸ್ಥಳದಲ್ಲಿ ತಡೆಯು ಹೆಚ್ಚಿ ಅಲ್ಲಿಯೇ ಕಾವು ಹುಟ್ಟುವದು. ಪ್ರವಾಹವು ಮಾತ್ರ ಹೆಚ್ಚಿರುವದಿಲ್ಲವಾದುದರಿಂದ ಫ್ಯೂಜಿಗೆ ಇದರ ಸುಳಿವೂ ಹತ್ತುವದಿಲ್ಲ. ಪ್ಲಾಸ್ಟಿಕು ಕರಗಿದ ವಾಸನೆ, ಕಂದು ಬಣ್ಣಕ್ಕೆ ತಿರುಗಿದ ತಿರುಪು, ಇವೇ ಅದರ ಕುರುಹುಗಳು.

ಐದನೆಯದು, ಎಲ್ಲಕ್ಕಿಂತ ಘಾತುಕವಾದದ್ದು, ಭೂಸ್ಪರ್ಶ ದೋಷ. ಫೇಜಿನ ತಂತಿಯು ಮೋಟಾರಿನ ಮೈಗೋ ಕಬ್ಬಿಣದ ಪೆಟ್ಟಿಗೆಗೋ ತಗಲಿದಾಗ ಪ್ರವಾಹವು ಅರ್ಥಿಂಗ್ ತಂತಿಯಿಂದ ನೆಲಕ್ಕೆ ಇಳಿಯುವದು. ಅರ್ಥಿಂಗು ಚೆನ್ನಾಗಿದ್ದರೆ ಪ್ರವಾಹವು ಹೆಚ್ಚಾಗಿ ಹರಿದು ಫ್ಯೂಜು ಹೋಗುವದು. ಬೇಸಿಗೆಯ ಒಣನೆಲದಲ್ಲಿ ಅರ್ಥಿಂಗಿನ ತಡೆಯು 20 ಓಮಿನಷ್ಟಾಗಿದ್ದರೆ, 230 ವೋಲ್ಟಿಗೆ 11.5 ಆಂಪಿಯರಿಗಿಂತ ಹೆಚ್ಚು ಹರಿಯಲಾರದು. 20 ಆಂಪಿಯರಿನ ಫ್ಯೂಜು ಇದಕ್ಕೆ ಕರಗುವದಿಲ್ಲ. ಪೆಟ್ಟಿಗೆಯ ಮೈಯೆಲ್ಲ ವಿದ್ಯುನ್ಮಯವಾಗಿ, ಒದ್ದೆ ಕಾಲಿನಿಂದ ಬಂದು ಮುಟ್ಟಿದವನ ದಾರಿಯನ್ನು ಕಾಯುತ್ತಿರುವದು. ಫ್ಯೂಜು ಗಟ್ಟಿಯಾಗಿದೆಯೆಂದ ಮಾತ್ರಕ್ಕೆ ದೋಷವಿಲ್ಲವೆಂದು ತಿಳಿಯಬಾರದೆಂಬದಕ್ಕೆ ಇದಕ್ಕಿಂತ ಬೇರೆ ನಿದರ್ಶನವು ಬೇಡ. ಮುಟ್ಟಿದರೆ ಜುಮ್ಮೆನ್ನುವ ಪೆಟ್ಟಿಗೆಯನ್ನು ಒಂದು ದಿವಸವೂ ಹಾಗೆಯೇ ಬಿಡತಕ್ಕದ್ದಲ್ಲ. ಮನೆಗಳಲ್ಲಿ 30 ಮಿಲಿಆಂಪಿಯರಿನಷ್ಟು ಸೋರಿಕೆಗೂ ಕಡಿದುಹೋಗುವ ಕಾವಲು ಸ್ವಿಚ್ಚುಗಳನ್ನು ಇಂಥ ಅಪಾಯದ ಸಲುವಾಗಿಯೇ ಕೂಡಿಸುವರು.

ಫ್ಯೂಜು ಹೇಳುವ ಸಾಕ್ಷಿ

ದೋಷವನ್ನು ಹುಡುಕುವ ಮೊದಲು ಕರಗಿದ ಫ್ಯೂಜನ್ನು ಕಣ್ಣಿನಿಂದ ನೋಡುವದು ಲಾಭಕರ. ತಂತಿಯು ಪೂರ್ಣವಾಗಿ ಮಾಯವಾಗಿ, ಪಿಂಗಾಣಿಯ ಮೇಲೆ ಕರಿಯ ಮಸಿ ಹಿಡಿದು, ಲೋಹದ ಸಣ್ಣ ಗುಂಡುಗಳು ಸಿಡಿದಿದ್ದರೆ ಅದು ನಿಜವಾದ ಶಾರ್ಟಿನ ಗುರುತು. ತಂತಿಯು ನಡುವೆ ಮಾತ್ರ ಕರಗಿ, ಎರಡೂ ತುದಿಗಳು ಉಳಿದು, ಮಸಿ ಇಲ್ಲದಿದ್ದರೆ ಬಹುಶಃ ಅತಿಭಾರದ ಗುರುತು. ಗುಂಡಿಯನ್ನು ಒತ್ತಿದ ಕ್ಷಣದಲ್ಲಿಯೇ ಹೋಯಿತೋ, ಓಡಿದ ಮೇಲೆ ಹೋಯಿತೋ ಎಂಬದನ್ನು ಆಳಿನಿಂದ ಕೇಳಿ ತಿಳಿಯಬೇಕು. ಫ್ಯೂಜಿನ ಬದಲು ತಾನಾಗಿ ಬೀಳುವ ಎಂ.ಸಿ.ಬಿ. ಇದ್ದಲ್ಲಿಯೂ ಇದೇ ನ್ಯಾಯ: ಶಾರ್ಟಿಗೆ ಅದು ಒಳಗಿನ ಅಯಸ್ಕಾಂತದಿಂದ ಥಟ್ಟನೆ ಬೀಳುವದು, ಅತಿಭಾರಕ್ಕೆ ಕಾಯ್ದ ಲೋಹದ ಪಟ್ಟಿ ಬಾಗುವದರಿಂದ ತಡವಾಗಿ ಬೀಳುವದು. ಬಿದ್ದುದನ್ನು ಮೇಲಿಂದ ಮೇಲೆ ಎತ್ತಿ ಹಾಕುವದು ದೋಷದ ಬೆಂಕಿಗೆ ಕಟ್ಟಿಗೆ ಒಟ್ಟಿದಂತೆ.

ಹುಡುಕುವ ಕ್ರಮ

ಉದಾಹರಣೆಗಾಗಿ ತಿಕೋಟಾದ ಹತ್ತಿರದ ಒಂದು ದ್ರಾಕ್ಷಿಯ ತೋಟವನ್ನು ಭಾವಿಸಬಹುದು. 600 ಫೂಟು ಆಳದ ಕೊಳವೆ ಭಾವಿಯಲ್ಲಿ ಪಂಪು ಇಳಿದಿದೆ. ಸ್ಟಾರ್ಟರಿನ ಕೋಣೆಯಿಂದ ಭಾವಿಯ ಬಾಯಿಯ ತನಕ 300 ಫೂಟು ಕೇಬಲನ್ನು ನೆಲದಲ್ಲಿ ಹುಗಿದಿದ್ದಾರೆ. ಒಂದು ಮುಂಜಾನೆ ಗುಂಡಿಯನ್ನು ಒತ್ತಿದೊಡನೆ ಫ್ಯೂಜು ಸಿಡಿಯಿತು. ಆಳು ದಪ್ಪ ತಂತಿಯನ್ನು ಕಟ್ಟಿ ಮತ್ತೊಮ್ಮೆ ಒತ್ತಿದನು. ಈ ಸಲ ಟಿ.ಸಿ.ಯ ಫ್ಯೂಜು ಹೋಗಿ ನೆರೆಯ ತೋಟಗಳೂ ನಿಂತವು. "ಮೋಟಾರ್ ಸುಟ್ಟೈತ್ರಿ ಗೌಡ್ರ, ಮ್ಯಾಲ ಎತ್ತೂದಽ ಪಾಡು" ಎಂದು ಎಲ್ಲರೂ ಹೇಳಿದರು. 600 ಫೂಟಿನಿಂದ ಪಂಪನ್ನು ಎತ್ತುವದೆಂದರೆ ಹಣವೂ ಹೋಗುವದು, ದಿವಸಗಳೂ ಹೋಗುವವು.

ಅನುಭವಿಯಾದ ವಾಯರ್‌ಮನ್ನನು ಮೊದಲು ಪಂಪನ್ನು ಎತ್ತಿಸುವದಿಲ್ಲ. ದಾರಿಯನ್ನು ಭಾಗ ಮಾಡಿ, ಯಾವ ಭಾಗ ನಿರ್ದೋಷವೆಂಬದನ್ನು ಒಂದೊಂದಾಗಿ ಸಿದ್ಧಮಾಡುವನು. ಮುಖ್ಯ ಸ್ವಿಚ್ಚನ್ನು ಆರಿಸಿ, ಸ್ಟಾರ್ಟರಿನಿಂದ ಹೊರಡುವ ಮೂರು ತಂತಿಗಳನ್ನು ಬಿಚ್ಚಿ ಬೇರೆ ಮಾಡಿ, ಸರಿಯಾದ ಅಳತೆಯ ಫ್ಯೂಜನ್ನು ಕಟ್ಟಿ, ಆಮೇಲೆ ಸ್ಟಾರ್ಟರನ್ನು ಹಾಕಿ ನೋಡುವನು. ಫ್ಯೂಜು ಮತ್ತೆ ಹೋದರೆ ದೋಷವು ಸ್ವಿಚ್ಚು ಅಥವಾ ಸ್ಟಾರ್ಟರಿನಲ್ಲಿಯೇ ಇದೆ. ಈ ತೋಟದಲ್ಲಿ ಫ್ಯೂಜು ಉಳಿಯಿತು. ಆದುದರಿಂದ ದೋಷವು ಅದರಾಚೆಗೆ ಇದೆಯೆಂದಾಯಿತು.

ಮುಖ್ಯ ಸ್ವಿಚ್ಚನ್ನು ಮರಳಿ ಆರಿಸಿ, ಭಾವಿಯ ಬಾಯಿಯಲ್ಲಿಯ ಕೂಡಿಕೆಯನ್ನು ಅವನು ಬಿಚ್ಚುವನು. ಇದರಿಂದ ದಾರಿಯು ಎರಡು ಭಾಗವಾಗುವದು: ನೆಲದಲ್ಲಿ ಹುಗಿದ ಕೇಬಲು ಒಂದು, ಭಾವಿಯೊಳಗಿನ ಕೇಬಲೂ ಮೋಟಾರೂ ಇನ್ನೊಂದು. ತಂತಿಯ ಹೊದಿಕೆಯ ಬಲವನ್ನು ಅಳೆಯುವ ಮೆಗ್ಗರು ಎಂಬ ಉಪಕರಣವನ್ನು ಮೊದಲು ಭಾವಿಯ ಕಡೆಗೆ ಹಚ್ಚಿದನು. ಭೂಮಿಗೂ ತಂತಿಗೂ ನಡುವೆ ಒಂದು ಮೆಗಾ ಓಮಿಗಿಂತ, ಎಂದರೆ ಹತ್ತು ಲಕ್ಷ ಓಮಿಗಿಂತ ಹೆಚ್ಚಿನ ತಡೆ ಕಂಡಿತು. ಸಣ್ಣ ತಡೆಯನ್ನು ಅಳೆಯುವ ಮೀಟರಿನಿಂದ ಮೂರೂ ಜೋಡಿಗಳನ್ನು ಅಳೆದರೆ ಸಮಾನವಾಗಿ ಕೆಲವೇ ಓಮುಗಳು ಬಂದವು. ಮೋಟಾರು ನಿರ್ದೋಷವೆಂದು ಇದರಿಂದ ತಿಳಿಯಿತು.

ಇಲ್ಲಿ ಒಂದು ಮಾತನ್ನು ಲಕ್ಷ್ಯದಲ್ಲಿಡಬೇಕು. ಅಗ್ಗದ ಮೀಟರನ್ನು ಮೋಟಾರಿನ ಎರಡು ತಂತಿಗಳಿಗೆ ಹಚ್ಚಿದಾಗ ಅದು ಕೂಗಿದರೆ, ಹೊಸಬರು "ಶಾರ್ಟ್ ತೋರಿಸುತ್ತದೆ" ಎಂದು ಮೋಟಾರನ್ನು ಎತ್ತಿಸುವದುಂಟು. ವೈಂಡಿಂಗೆಂಬದು ತಂತಿಯ ಸುರುಳಿಯೇ ಆಗಿರುವದರಿಂದ ಅದರ ತಡೆಯು ಸ್ವಭಾವತಃ ಕೆಲವೇ ಓಮುಗಳಷ್ಟಿರುವದು, ಮೀಟರು ಕೂಗತಕ್ಕದ್ದೇ. ಮೂರು ಜೋಡಿಗಳಲ್ಲಿ ಒಂದು ಉಳಿದೆರಡಕ್ಕಿಂತ ತೀರ ಕಡಿಮೆಯಾಗಿ ಬಂದರೆ, ಇಲ್ಲವೆ ಮೈಗೂ ತಂತಿಗೂ ನಡುವಿನ ತಡೆ ಬಿದ್ದುಹೋಗಿದ್ದರೆ ಮಾತ್ರ ಅಲ್ಲಿ ಸಂಶಯಕ್ಕೆ ಆಸ್ಪದವುಂಟು.

ಕೊನೆಗೆ ಎರಡೂ ತುದಿಗಳನ್ನು ಬಿಚ್ಚಿದ ನೆಲದ ಕೇಬಲಿಗೆ ಮೆಗ್ಗರನ್ನು ಹಚ್ಚಿದಾಗ ಕೆಂಪು ಹಳದಿ ತಂತಿಗಳ ನಡುವೆ ಸೊನ್ನೆ ಬಂದಿತು. ಯಾವ ಯಂತ್ರವೂ ಕೂಡಿಲ್ಲದ ಎರಡು ತಂತಿಗಳ ನಡುವೆ ತಡೆ ಸೊನ್ನೆಯಾಯಿತೆಂದರೆ ಅದೇ ನಿಜವಾದ ಶಾರ್ಟ್. ಕೇಬಲಿನ ದಾರಿಯಲ್ಲಿ ನಡೆದು ನೋಡಿದರೆ, ಹಿಂದಿನ ದಿವಸ ಹನಿ ನೀರಾವರಿಯ ಕೊಳವೆಗಾಗಿ ಅಗಿದ ಸ್ಥಳದಲ್ಲಿ ಸಲಿಕೆಯ ಏಟು ಬಿದ್ದದ್ದು ಕಂಡಿತು. ಕೇಬಲಿನ ಕೆಟ್ಟ ತುಂಡನ್ನು ತೆಗೆದು, ನೀರು ಸೇರದಂತೆ ಕೂಡಿಸಿ, ಮತ್ತೊಮ್ಮೆ ಅಳೆದು ನೋಡಿದ ಮೇಲೆ ಸಾಯಂಕಾಲಕ್ಕೆ ನೀರು ಬಂದಿತು. ಪಂಪನ್ನು ಎತ್ತಿಸಿದ್ದರೆ ನಿರ್ದೋಷವಾದ ಮೋಟಾರು ಅಂಗಡಿಗೆ ಹೋಗುತ್ತಿತ್ತು. ದೋಷವು ನೆಲದಲ್ಲಿಯೇ ಉಳಿಯುತ್ತಿತ್ತು.

ಹೊಲದ ಮೇಲಿನ ತಂತಿಗಳು

ಹೊಲದ ಮೇಲೆ ಹಾಯ್ದ ಬರಿಯ ತಂತಿಗಳು ಜೋತುಬಿದ್ದು ಗಾಳಿಗೆ ಒಂದನ್ನೊಂದು ಬಡಿದರೆ ಕರಗಿದ ಅಲ್ಯುಮಿನಿಯಂ ಹನಿಗಳು ಕೆಳಗೆ ಬೀಳುವವು. ಒಣಗಿದ ಕಬ್ಬಿನ ರವದಿಗೂ ಕಣಿಕೆಯ ಬಣವಿಗೂ ಅಷ್ಟೇ ಸಾಕು. 1956ನೆಯ ಇಸವಿಯ ಭಾರತೀಯ ವಿದ್ಯುಚ್ಛಕ್ತಿ ನಿಯಮಗಳಲ್ಲಿ, ರಸ್ತೆಯಲ್ಲದ ಸ್ಥಳಗಳಲ್ಲಿ 11,000 ವೋಲ್ಟಿನ ವರೆಗಿನ ಬರಿಯ ತಂತಿಗಳು ನೆಲದಿಂದ 4.6 ಮೀಟರಿಗಿಂತ ಕೆಳಗೆ ಇರಬಾರದೆಂದು ವಿಧಿಸಿದ್ದರು. ಕಡಬಿನ ಗಾಡಿಯ ಮೇಲೆ ನಿಂತ ಆಳಿನ ಕೈಗೆ ನಿಲುಕುವಷ್ಟು ತಂತಿ ಜೋತಿದ್ದರೆ, ಬೆಳೆ ಒಣಗುವ ಮುಂಚೆಯೇ ಹೆಸ್ಕಾಂ ಕಚೇರಿಗೆ ಲಿಖಿತ ಅರ್ಜಿಯನ್ನು ಕೊಟ್ಟು ಪ್ರತಿಯನ್ನು ಇಟ್ಟುಕೊಳ್ಳತಕ್ಕದ್ದು. ಬಣವಿಗಳನ್ನು ತಂತಿಯ ಕೆಳಗೆ ಒಟ್ಟತಕ್ಕದ್ದಲ್ಲ.

ಗ್ರಾಮದ ಹಿರಿಯರ ಕರ್ತವ್ಯ

ದೋಷ ಹುಡುಕುವ ವಿದ್ಯೆಗಿಂತಲೂ ಮುಖ್ಯವಾದದ್ದು ಜೀವದ ರಕ್ಷಣೆ. ಟಿ.ಸಿ.ಯ ಫ್ಯೂಜು ಹೋದಾಗ ಲೈನ್‌ಮನ್ನನು ಬರುವ ತನಕ ತಾಳಲಾರದೆ ಒಕ್ಕಲಿಗರು ತಾವೇ ಕಂಬವನ್ನು ಏರುವದುಂಟು. ಕೆಳಗಿನ ಫ್ಯೂಜುಗಳನ್ನು ತೆಗೆದರೂ ಮೇಲೆ 11,000 ವೋಲ್ಟಿನ ತಂತಿಯು ಜೀವಂತವಾಗಿಯೇ ಇರುವದೆಂಬ ಸಂಗತಿಯು ಅವರಿಗೆ ತಿಳಿದಿರುವದಿಲ್ಲ. ಊರಿನ ಹಿರಿಯರ ಮಾತಿಗೆ ಹಳ್ಳಿಯಲ್ಲಿ ತೂಕವಿರುವದರಿಂದ, ಯಾರೂ ಕಂಬವನ್ನು ಏರಬಾರದೆಂದು ಅವರೇ ಕಟ್ಟುಮಾಡತಕ್ಕದ್ದು. ದೂರು ಹೇಳಲು 1912 ಎಂಬ ದೂರವಾಣಿಯ ಅಂಕೆಯಿದೆ. ಅದನ್ನು ಪ್ರತಿಯೊಂದು ಸ್ಟಾರ್ಟರಿನ ಕೋಣೆಯ ಗೋಡೆಯ ಮೇಲೆ ಬರೆಸುವದು ಒಳಿತು.

ಕಡಿದು ಬಿದ್ದ ತಂತಿಯ ಹತ್ತಿರಕ್ಕೆ ಯಾರನ್ನೂ, ದನಕರುಗಳನ್ನೂ ಬಿಡಬಾರದು. ಅದರ ಸುತ್ತಲಿನ ನೆಲದಲ್ಲಿಯೂ ವಿದ್ಯುತ್ತು ಹರಡಿರುವದು. ಮೋಟಾರಿನ ಕೋಣೆಯಲ್ಲಿ ವಿದ್ಯುತ್ತು ಹಿಡಿದವನನ್ನು ಬರಿಗೈಯಿಂದ ಎಳೆಯದೆ, ಮೊದಲು ಮುಖ್ಯ ಸ್ವಿಚ್ಚನ್ನು ಆರಿಸಬೇಕು. ಅದು ಸಾಧ್ಯವಿಲ್ಲದಲ್ಲಿ ಒಣಗಿದ ಹಲಗೆಯ ಮೇಲೆ ನಿಂತು ಒಣ ಕಟ್ಟಿಗೆಯಿಂದ ಬಿಡಿಸಬೇಕು. ಹೊಲದ ಮೇಲಿನ ದೊಡ್ಡ ಲೈನಿನ ಮುಂದೆ ಕಟ್ಟಿಗೆಯೂ ಕಾಯಲಾರದು. ಅಲ್ಲಿ ಕಚೇರಿಯವರಿಂದ ಲೈನನ್ನು ನಿಲ್ಲಿಸಿದ ಹೊರತು ಮುಂದಕ್ಕೆ ಹೋಗತಕ್ಕದ್ದಲ್ಲ. ಅರ್ಥಿಂಗಿನ ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕಿಸುತ್ತಿರುವದು, ವರ್ಷಕ್ಕೊಮ್ಮೆ ಅರ್ಥಿಂಗನ್ನೂ ಮೋಟಾರಿನ ಹೊದಿಕೆಯನ್ನೂ ಬಲ್ಲವನಿಂದ ಅಳೆಯಿಸಿ ಬರೆದಿಡುವದು, ಸರಿಯಾದ ಫ್ಯೂಜು ತಂತಿಯ ಒಂದು ಸುರುಳಿಯನ್ನು ಕೋಣೆಯಲ್ಲಿ ತೂಗಹಾಕುವದು, ಇವು ಮೂರೂ ಅಲ್ಪ ವೆಚ್ಚದ ಕೆಲಸಗಳು.

ಇನ್ನು ಮುಂದೆ ಪಂಪು ನಿಂತಾಗ "ಶಾರ್ಟ್ ಆಯಿತು" ಎಂಬ ಮಾತನ್ನು ಕೇಳಿದ ಜಮೀನುದಾರನು, ಯಾವ ತಂತಿಗೂ ಯಾವ ತಂತಿಗೂ ನಡುವೆ, ಯಾವ ಭಾಗದಲ್ಲಿ, ಏತರ ಕಾರಣದಿಂದ ಎಂದು ಮೂರು ಪ್ರಶ್ನೆಗಳನ್ನು ಕೇಳಲಿ. ಅವಕ್ಕೆ ಉತ್ತರ ದೊರೆಯುವ ತನಕ ಮೋಟಾರನ್ನು ಎತ್ತಿಸದಿರಲಿ, ಫ್ಯೂಜಿಗೆ ದಪ್ಪ ತಂತಿಯನ್ನು ಕಟ್ಟಗೊಡದಿರಲಿ.